ಪಿಯು ಮುಗಿಸಿ ಹೊರದೇಶದಲ್ಲಿ ಇನ್‌ಫರ್ಮೇಷನ್ ಎಂಜಿನಿಯರಿಂಗ್: ತುಮಕೂರಿನಿಂದ ಹೊರಡುವವರಿಗೆ ಹಂತ ಹಂತದ ಮಾರ್ಗದರ್ಶಿ

ಪಿಯು ಫಲಿತಾಂಶ ಬಂದ ಮೇಲೆ ಪ್ರತಿ ವರ್ಷ ಇದೇ ಕಥೆ. ಪಿಸಿಎಂಸಿಯಲ್ಲಿ ಒಳ್ಳೆ ಅಂಕ ಬಂದಿರುತ್ತದೆ. ಜರ್ಮನಿಯಲ್ಲಿ ಫೀಸು ಕಡಿಮೆ ಅಂತ ಯಾರೋ ಹೇಳಿರುತ್ತಾರೆ. ಮನೆಯವರು ಕನ್ಸಲ್ಟೆನ್ಸಿಗೆ ಹೋಗಿ ಮುಂಗಡ ಕಟ್ಟುತ್ತಾರೆ. ಮಳೆಗಾಲದ ನಡುವೆ ಒಂದು ಮೇಲ್ ಬರುತ್ತದೆ: ನಿಮಗೆ ನೇರ ಪ್ರವೇಶದ ಅರ್ಹತೆ ಇಲ್ಲ. ಅಷ್ಟರಲ್ಲಿ ಇಲ್ಲಿ ಸಿಇಟಿ ಆಪ್ಷನ್ ಎಂಟ್ರಿಯೂ ಮುಗಿದಿರುತ್ತದೆ.

ಇಂಥವರ ಅಂಕದಲ್ಲಿ ಕೊರತೆ ಇರುವುದು ಅಪರೂಪ. ಕೆಲಸಗಳನ್ನು ತಿರುಗುಮುರುಗಾಗಿ ಮಾಡಿರುತ್ತಾರೆ. ಸರಿಯಾದ ಸರದಿ ಹೀಗೆ: ಮೊದಲು ಕಾಗದಗಳಲ್ಲಿ ನಿಮ್ಮ ಹೆಸರು, ಆಮೇಲೆ ಅರ್ಹತೆ, ಆಮೇಲೆ ದುಡ್ಡು, ಕೊನೆಗೆ ವಿಶ್ವವಿದ್ಯಾಲಯ. ಈ ಸರದಿ ಇಟ್ಟುಕೊಂಡರೆ ಅರ್ಧ ಕಷ್ಟ ಕಳೆದಂತೆ.

ಇಲ್ಲಿ ಜರ್ಮನಿ ಮತ್ತು ಇಟಲಿಯನ್ನು ಮಾತ್ರ ಹಿಡಿದಿದ್ದೇನೆ. ಇದೇ ಹೆಸರಿನ ಇಂಗ್ಲಿಷ್ ಮಾಧ್ಯಮದ ಪದವಿ ಅಲ್ಲಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲೇ ಸಿಗುತ್ತದೆ. ಮ್ಯೂನಿಕ್ ತಾಂತ್ರಿಕ ವಿಶ್ವವಿದ್ಯಾಲಯ, ಅಂದರೆ ಟಿಯುಎಂ, ತನ್ನ ಹೈಲ್‌ಬ್ರಾನ್ ಕ್ಯಾಂಪಸ್‌ನಲ್ಲಿ ಇದನ್ನು ಕಲಿಸುತ್ತದೆ. ಇಟಲಿಯಲ್ಲಿ ಪಾಡೊವಾ ವಿಶ್ವವಿದ್ಯಾಲಯ ಇದೆ. ಎರಡೂ ಕಡೆ ಮೂರು ವರ್ಷ, 180 ಕ್ರೆಡಿಟ್.

ಕೋರ್ಸಿನ ಬಗ್ಗೆ ಒಂದು ಮಾತು. ನಮ್ಮ ವಿಟಿಯು ಕಾಲೇಜುಗಳ ಇನ್‌ಫರ್ಮೇಷನ್ ಸೈನ್ಸ್ ಬ್ರಾಂಚ್ ನೋಡಿ ಇದೂ ಹಾಗೇ ಅಂದುಕೊಳ್ಳಬೇಡಿ. ಇದರಲ್ಲಿ ಕೋಡಿಂಗ್ ಜೊತೆ ಗಣಿತ ಜಾಸ್ತಿ, ಎಲೆಕ್ಟ್ರಾನಿಕ್ಸ್ ಕಡೆಯ ವಿಷಯಗಳೂ ಬರುತ್ತವೆ. ಗಣಿತ ಕಂಡರೆ ದೂರ ಓಡುವವರು ಇಲ್ಲೇ ನಿಂತು ಯೋಚಿಸಿ.

## ಕೈಯಲ್ಲಿ ಇರಬೇಕಾದ ಸಾಮಾನು

ಎಸ್‌ಎಸ್‌ಎಲ್‌ಸಿ ಮತ್ತು ದ್ವಿತೀಯ ಪಿಯು ಮೂಲ ಅಂಕಪಟ್ಟಿ ಬೇಕು. ಪ್ರಥಮ ಪಿಯು ಅಂಕಪಟ್ಟಿಯನ್ನೂ ಕಾಲೇಜಿನಿಂದ ಈಗಲೇ ಈಸಿಕೊಳ್ಳಿ, ಆಮೇಲೆ ಹುಡುಕುವುದು ಕಷ್ಟ. ಪಾಸ್‌ಪೋರ್ಟ್, ಆಧಾರ್, ಅಪ್ಪ-ಅಮ್ಮನ ಪ್ಯಾನ್ ಕಾರ್ಡ್, ಒಳ್ಳೆ ಸ್ಕ್ಯಾನರ್ ಇರುವ ಜೆರಾಕ್ಸ್ ಅಂಗಡಿಯ ಪರಿಚಯ ಇರಲಿ. ಮೊಬೈಲಿನಲ್ಲಿ ತೆಗೆದ ವಾರೆ ಫೋಟೋ ನಡೆಯುವುದಿಲ್ಲ.

ನಿಮ್ಮದೇ ಹೆಸರಿನ ಒಂದು ಹೊಸ ಮೇಲ್ ವಿಳಾಸ ಮಾಡಿಕೊಳ್ಳಿ. ಪಾಸ್‌ವರ್ಡ್ ನಿಮ್ಮ ಹತ್ತಿರವೇ ಇರಬೇಕು. ಪೋರ್ಟಲ್ ಲಾಗಿನ್ ನಾವೇ ಇಟ್ಟುಕೊಳ್ಳುತ್ತೇವೆ ಅನ್ನುವ ಏಜೆಂಟ್ ಹತ್ತಿರ ಎರಡನೇ ಸಲ ಹೋಗಬೇಡಿ.

## ಹಂತ 1: ಹೆಸರು ಸರಿ ಮಾಡಿಕೊಳ್ಳಿ

ನಮ್ಮ ಕಡೆಯ ಅರ್ಜಿಗಳು ಜಾಸ್ತಿ ಎಡವುವುದು ಇನಿಶಿಯಲ್‌ನಲ್ಲಿ. ಅಂಕಪಟ್ಟಿಯಲ್ಲಿ ‘ಕಿರಣ್ ಟಿ.ಎಸ್.’ ಅಂತ ಇರುತ್ತದೆ. ಟಿ ಅಂದರೆ ತುರುವೇಕೆರೆ, ಎಸ್ ಅಂದರೆ ಅಪ್ಪ ಶಿವಣ್ಣ. ಪಾಸ್‌ಪೋರ್ಟಿಗೆ ಇನಿಶಿಯಲ್ ಬಿಡಿಸಿ ಬರೆಯಬೇಕು. ಹಾಗಾಗಿ ಅಲ್ಲಿ ಹೆಸರು ಕಿರಣ್, ಸರ್‌ನೇಮ್ ತುರುವೇಕೆರೆ ಶಿವಣ್ಣ ಎಂದಾಗುತ್ತದೆ. ಆಧಾರ್‌ನಲ್ಲಿ ಮೂರನೇ ತರಹ ಇರುತ್ತದೆ. ಜರ್ಮನಿಯಲ್ಲಿ ಕೂತ ಗುಮಾಸ್ತನಿಗೆ ಇವರು ಮೂರು ಬೇರೆ ಬೇರೆ ಜನ.

ಮಾಡಬೇಕಾದ್ದು ಇಷ್ಟು. ಮೊದಲು ಆಧಾರ್‌ನಲ್ಲಿ ಹೆಸರು ಬಿಡಿಸಿ ಸರಿಮಾಡಿಸಿ. ಅದೇ ರೀತಿಯಲ್ಲಿ ಪಾಸ್‌ಪೋರ್ಟ್ ಮಾಡಿಸಿ. ಸಾಮಾನ್ಯ 36 ಪುಟದ ಪಾಸ್‌ಪೋರ್ಟಿಗೆ ಶುಲ್ಕ 1,500 ರೂಪಾಯಿ. ಅಂಕಪಟ್ಟಿಯ ಹೆಸರೂ ಪಾಸ್‌ಪೋರ್ಟಿನ ಹೆಸರೂ ಒಬ್ಬರದ್ದೇ ಎಂಬ ಅಫಿಡವಿಟ್ಟನ್ನು ನೋಟರಿ ಹತ್ತಿರ ಇಂಗ್ಲಿಷಿನಲ್ಲಿ ಮಾಡಿಸಿ. ಅಂಕಪಟ್ಟಿಯಲ್ಲೇ ಕಾಗುಣಿತ ತಪ್ಪಿದ್ದರೆ ಅಫಿಡವಿಟ್ ಸಾಲದು. ಶಾಲೆ, ಕಾಲೇಜಿನ ಮೂಲಕ ಮಂಡಳಿಗೆ ತಿದ್ದುಪಡಿ ಅರ್ಜಿ ಕೊಡಬೇಕು. ಅದಕ್ಕೆ ಸಮಯ ಹಿಡಿಯುತ್ತದೆ, ಪಿಯು ಓದುವಾಗಲೇ ಶುರು ಮಾಡಿ.

ಪಾಸ್‌ಪೋರ್ಟ್ ಮೊದಲು ಯಾಕೆ ಅಂದರೆ ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಭಾಷಾ ಪರೀಕ್ಷೆಗೆ ಗುರುತಿನ ದಾಖಲೆ ಅದೇ. ಅಲ್ಲಿಂದ ಮುಂದೆ ಎಲ್ಲ ಕಾಗದವೂ ಪಾಸ್‌ಪೋರ್ಟಿನ ಹೆಸರಲ್ಲೇ ಹುಟ್ಟುತ್ತದೆ.

## ಹಂತ 2: ಯಾವ ಬಾಗಿಲು ನಿಮಗೆ ತೆರೆದಿದೆ ನೋಡಿ

ಜರ್ಮನಿಯ ಲೆಕ್ಕದಲ್ಲಿ ಭಾರತದ 12ನೇ ತರಗತಿ ಒಂದರಿಂದಲೇ ಪದವಿಗೆ ನೇರ ಸೇರಲು ಆಗುವುದಿಲ್ಲ. ನಿಮ್ಮ ಅಂಕ 98 ಪರ್ಸೆಂಟ್ ಇದ್ದರೂ ಅಷ್ಟೇ. ಮೊದಲ ಸಲ ಕೇಳಿದವರು ಇದನ್ನು ನಂಬುವುದೇ ಇಲ್ಲ. ಪಿಯು ಜೊತೆಗೆ ಇನ್ನೊಂದು ಬೇಕು, ಅದಕ್ಕೆ ಮೂರು ದಾರಿ.

ಜೆಇಇ ಅಡ್ವಾನ್ಸ್‌ಡ್ ದಾರಿ. ಇದರಲ್ಲಿ ಅರ್ಹತೆ ಪಡೆದವರು ತಾಂತ್ರಿಕ ವಿಷಯಗಳಿಗೆ ನೇರ ಅರ್ಜಿ ಹಾಕಬಹುದು. ಐಐಟಿ ಸೀಟು ಸಿಗದಿದ್ದರೂ ಚಿಂತೆ ಇಲ್ಲ. ಆದರೆ ಜೆಇಇ ಮೇನ್ ಮಾತ್ರ ಬರೆದಿದ್ದರೆ ಅದು ಲೆಕ್ಕಕ್ಕಿಲ್ಲ.

ಒಂದು ವರ್ಷ ಇಲ್ಲಿ ಓದುವ ದಾರಿ. ಮಾನ್ಯತೆ ಇರುವ ಕಾಲೇಜಿನಲ್ಲಿ ಎಂಜಿನಿಯರಿಂಗ್ ಸೇರಿ ಮೊದಲ ವರ್ಷ ಪೂರ್ತಿ ಪಾಸಾದರೆ ಅದೇ ಕ್ಷೇತ್ರದ ಪದವಿಗೆ ಜರ್ಮನಿಯಲ್ಲಿ ನೇರ ಅರ್ಹತೆ ಬರುತ್ತದೆ. ತುಮಕೂರಿನ ಹುಡುಗರಿಗೆ ನನ್ನ ಸಲಹೆ ಇದೇ. ಸಿಇಟಿ ಬರೆದು ಊರಲ್ಲೇ ಇರುವ ಸಿದ್ಧಗಂಗಾ ತಾಂತ್ರಿಕ ವಿದ್ಯಾಲಯವೋ ಇನ್ನೊಂದೋ ಸೇರಿ. ಕಂಪ್ಯೂಟರ್ ಸೈನ್ಸ್, ಇನ್‌ಫರ್ಮೇಷನ್ ಸೈನ್ಸ್, ಎಲೆಕ್ಟ್ರಾನಿಕ್ಸ್, ಈ ಮೂರರಲ್ಲಿ ಒಂದಿರಲಿ. ಹೊರಗೆ ಹೋಗುವುದು ಕೈತಪ್ಪಿದರೂ ಸೀಟು ಉಳಿದಿರುತ್ತದೆ, ವರ್ಷ ಹಾಳಾಗುವುದಿಲ್ಲ.

ಈ ದಾರಿಯಲ್ಲಿ ಎರಡು ಗುಂಡಿಗಳಿವೆ. ಒಂದು, ಬ್ಯಾಕ್‌ಲಾಗ್. ಫಿಸಿಕ್ಸ್ ಸೈಕಲ್ಲೋ ಕೆಮಿಸ್ಟ್ರಿ ಸೈಕಲ್ಲೋ, ಒಂದು ವಿಷಯ ಉಳಿದರೂ ವರ್ಷ ‘ಯಶಸ್ವಿಯಾಗಿ ಮುಗಿದಿದೆ’ ಅಂತ ತೋರಿಸಲು ಆಗುವುದಿಲ್ಲ. ಇನ್ನೊಂದು, ಸಮಯ. ಎರಡನೇ ಸೆಮಿಸ್ಟರ್ ಫಲಿತಾಂಶ ಬರುವಷ್ಟರಲ್ಲಿ ಆ ವರ್ಷದ ಅರ್ಜಿ ಗಡುವು ಸಾಮಾನ್ಯವಾಗಿ ದಾಟಿರುತ್ತದೆ. ಹೆಚ್ಚಿನ ಜರ್ಮನ್ ವಿಶ್ವವಿದ್ಯಾಲಯಗಳಲ್ಲಿ ಚಳಿಗಾಲದ ಸೆಮಿಸ್ಟರ್‌ಗೆ ಗಡುವು ಜುಲೈ 15. ಕೆಲವು ಅಂತಾರಾಷ್ಟ್ರೀಯ ಕೋರ್ಸುಗಳಲ್ಲಿ ಇನ್ನೂ ಮುಂಚೆ. ಹಾಗಾಗಿ ಒಂದು ವರ್ಷ ಅಂದರೂ ನಿಜವಾಗಿ ಹೊರಡುವುದು ಪಿಯು ಮುಗಿದ ಮೇಲಿನ ಮೂರನೇ ಅಕ್ಟೋಬರ್‌ಗೆ. ಮನೆಯಲ್ಲಿ ಇದನ್ನು ಮೊದಲೇ ಹೇಳಿಬಿಡಿ. ಇಲ್ಲದಿದ್ದರೆ ನಡುವೆ ‘ಇನ್ನೂ ಹೋಗಲಿಲ್ವಾ’ ಅನ್ನುವವರ ಕಾಟ.

ಸ್ಟುಡಿಯನ್‌ಕೊಲೆಗ್ ದಾರಿ. ಜರ್ಮನಿಯಲ್ಲೇ ಎರಡು ಸೆಮಿಸ್ಟರ್ ಪೂರ್ವಸಿದ್ಧತಾ ಕೋರ್ಸ್ ಮಾಡಿ, ಕೊನೆಯಲ್ಲಿ ಅರ್ಹತಾ ಪರೀಕ್ಷೆ ಬರೆಯುವುದು. ಎಂಜಿನಿಯರಿಂಗಿಗೆ ‘ಟಿ’ ಕೋರ್ಸ್. ಸರ್ಕಾರಿ ಕೊಲೆಗ್‌ಗಳಲ್ಲಿ ಬೋಧನಾ ಶುಲ್ಕ ಇಲ್ಲ. ಆದರೆ ಪ್ರವೇಶ ಪರೀಕ್ಷೆ ಇದೆ, ಬಿ1 ಅಥವಾ ಬಿ2 ಮಟ್ಟದ, ಅಂದರೆ ಮಧ್ಯಮ ಹಂತದ, ಜರ್ಮನ್ ಬೇಕು. ಏಜೆಂಟರು ಜಾಸ್ತಿ ತೋರಿಸುವುದು ಲಕ್ಷಗಟ್ಟಲೆ ಫೀಸಿನ ಖಾಸಗಿ ಕೊಲೆಗ್‌ಗಳನ್ನು. ಅಲ್ಲಿನ ಕೊನೆಯ ಪರೀಕ್ಷೆಗೆ ಸರ್ಕಾರದ ಮಾನ್ಯತೆ ಇದೆಯಾ, ನಿಮಗೆ ಬೇಕಾದ ವಿಶ್ವವಿದ್ಯಾಲಯ ಅದನ್ನು ಒಪ್ಪುತ್ತದಾ ಅಂತ ಬರಹದಲ್ಲಿ ಕೇಳಿ. ಉತ್ತರ ಬಾಯಿಮಾತಲ್ಲೇ ತೇಲಿದರೆ ಎದ್ದು ಬನ್ನಿ.

ಇಟಲಿ ಬೇರೆ. ಅಲ್ಲಿ 12 ವರ್ಷದ ಶಾಲಾ ಓದು ಸಾಕು. ಪಿಯು ಮುಗಿಸಿದ ವರ್ಷವೇ ಅರ್ಜಿ ಹಾಕಬಹುದು. ಪಾಡೊವಾಗೆ ಪ್ರವೇಶ ಪರೀಕ್ಷೆಯ ಅಂಕ ಬೇಕು. ಅಲ್ಲಿನ ಟೋಲ್ಕ್-ಐ ಪರೀಕ್ಷೆಯಲ್ಲಿ ಗಣಿತ 20, ತರ್ಕ 10, ವಿಜ್ಞಾನ 10, ಓದಿ ಅರ್ಥಮಾಡಿಕೊಳ್ಳುವುದು 10, ಹೀಗೆ 50 ಪ್ರಶ್ನೆ. ತಪ್ಪು ಉತ್ತರಕ್ಕೆ ಕಾಲು ಅಂಕ ಕಳೆಯುತ್ತಾರೆ. ಸಿಇಟಿಯಲ್ಲಿ ನೆಗೆಟಿವ್ ಇಲ್ಲ ಅಂತ ಕಣ್ಣುಮುಚ್ಚಿ ಗುರುತು ಹಾಕಿ ಅಭ್ಯಾಸ ಆದವರು ಇಲ್ಲಿ ಕೈ ಬಿಗಿ ಹಿಡಿಯಬೇಕು.

## ಹಂತ 3: ನಿಮ್ಮ ಅಂಕ ಅಲ್ಲಿ ಎಷ್ಟಾಗುತ್ತದೆ

ಜರ್ಮನಿಯಲ್ಲಿ 1.0 ಅತ್ಯುತ್ತಮ, 4.0 ಪಾಸು. ಲೆಕ್ಕ ಹೀಗೆ: ಗರಿಷ್ಠ ಅಂಕದಿಂದ ನಿಮ್ಮ ಅಂಕ ಕಳೆಯಿರಿ. ಅದನ್ನು ಗರಿಷ್ಠ ಮತ್ತು ಪಾಸು ಅಂಕಗಳ ವ್ಯತ್ಯಾಸದಿಂದ ಭಾಗಿಸಿ. ಬಂದದ್ದನ್ನು 3ರಿಂದ ಗುಣಿಸಿ, 1 ಕೂಡಿಸಿ.

600ಕ್ಕೆ 510 ಬಂದಿದೆ, ಪಾಸು ಅಂಕ 35ರ ಲೆಕ್ಕದಲ್ಲಿ 210 ಅನ್ನಿ. 90ನ್ನು 390ರಿಂದ ಭಾಗಿಸಿ, 3ರಿಂದ ಗುಣಿಸಿ, 1 ಕೂಡಿಸಿದರೆ ಸುಮಾರು 1.7. ಅದೇ 420 ಅಂಕಕ್ಕೆ 2.4 ಹತ್ತಿರ. ಪಾಸು ಅಂಕ ಎಷ್ಟು ಅನ್ನುವುದನ್ನು ನಿಮ್ಮ ವರ್ಷದ ಅಂಕಪಟ್ಟಿ ನೋಡಿಯೇ ಹಾಕಿ, ನಿಯಮ ಬದಲಾಗುತ್ತಿರುತ್ತದೆ.

ಒಟ್ಟು 50 ಪರ್ಸೆಂಟಿಗಿಂತ ಕಡಿಮೆ ಇದ್ದರೆ ಜರ್ಮನಿ ದಾರಿ ಅಲ್ಲಿಗೇ ನಿಲ್ಲುತ್ತದೆ.

## ಹಂತ 4: ದುಡ್ಡಿನ ವ್ಯವಸ್ಥೆ, ಅರ್ಜಿಗೂ ಮುಂಚೆ

‘ಜರ್ಮನಿಯಲ್ಲಿ ಓದು ಪುಕ್ಕಟೆ’ ಎಂಬ ಮಾತು ಅರ್ಧ ನಿಜ. ಅನೇಕ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕ ಇಲ್ಲ. ಆದರೆ ಟಿಯುಎಂ 2024ರ ಚಳಿಗಾಲದ ಸೆಮಿಸ್ಟರ್‌ನಿಂದ ಯುರೋಪಿನ ಹೊರಗಿನ ಹೊಸ ವಿದ್ಯಾರ್ಥಿಗಳಿಗೆ ಶುಲ್ಕ ಹಾಕಿದೆ. ಪದವಿ ಕೋರ್ಸಿಗೆ ಸೆಮಿಸ್ಟರ್‌ಗೆ 2,000 ಅಥವಾ 3,000 ಯೂರೋ. ಬಾಡೆನ್-ವ್ಯೂರ್ಟೆಂಬರ್ಗ್ ರಾಜ್ಯದ ಸ್ವಂತ ವಿಶ್ವವಿದ್ಯಾಲಯಗಳಲ್ಲಿ 1,500 ಯೂರೋ.

ಇದರ ಮೇಲೆ ಬ್ಲಾಕ್ಡ್ ಅಕೌಂಟ್. ವೀಸಾಗೆ ಒಂದು ವರ್ಷದ ಖರ್ಚಿನ ಹಣ ಮೊದಲೇ ಕಟ್ಟಿಡಬೇಕು. 2024ರ ಸೆಪ್ಟೆಂಬರ್‌ನಿಂದ ಅದು 11,904 ಯೂರೋ, ಅಂದರೆ ತಿಂಗಳಿಗೆ 992. ಯೂರೋಗೆ 100 ರೂಪಾಯಿ ಹಿಡಿದರೆ ಸುಮಾರು 12 ಲಕ್ಷ. ಈ ಹಣ ಎಲ್ಲೂ ಹೋಗುವುದಿಲ್ಲ, ಅಲ್ಲಿಗೆ ಹೋದ ಮೇಲೆ ತಿಂಗಳಿಗೊಮ್ಮೆ ನಿಮ್ಮ ಕೈಗೇ ಬರುತ್ತದೆ. ಆದರೆ ಹೊರಡುವ ಮುಂಚೆ ಒಟ್ಟಿಗೆ ಬೇಕು.

ಈಗ ಬ್ಯಾಂಕ್ ವಿಷಯಕ್ಕೆ ಬನ್ನಿ. ಗುಬ್ಬಿ, ತಿಪಟೂರು, ತುರುವೇಕೆರೆ ಕಡೆಯ ಮನೆಗಳ ಆಸ್ತಿ ಅಂದರೆ ತೆಂಗು, ಅಡಿಕೆ ತೋಟ. ಅಪ್ಪ ಪಹಣಿ ಹಿಡಿದು ಬ್ಯಾಂಕಿಗೆ ಹೋಗುತ್ತಾರೆ.

‘ಅಡಮಾನಕ್ಕೆ ಏನಿದೆ ಯಜಮಾನ್ರೇ?’

‘ತೋಟ ಐತೆ ಸಾರ್, ನಾಲ್ಕೆಕರೆ. ಬೋರೂ ಐತೆ.’

‘ತೋಟ ಆಗಲ್ಲ. ಸೈಟೋ ಮನೆಯೋ ಇದೆಯಾ?’

ಮ್ಯಾನೇಜರ್ ಬೇಕೂಂತ ಆಡಿಸುತ್ತಿಲ್ಲ. ಸಾಲ ವಸೂಲಿಗೆ ಬ್ಯಾಂಕುಗಳು ಬಳಸುವ ಸರ್ಫೇಸಿ ಕಾಯ್ದೆ ಕೃಷಿ ಜಮೀನಿಗೆ ಅನ್ವಯಿಸುವುದಿಲ್ಲ. ಅದಕ್ಕೇ ದೊಡ್ಡ ಶಿಕ್ಷಣ ಸಾಲಕ್ಕೆ ತೋಟವನ್ನು ಆಧಾರವಾಗಿ ಹಿಡಿಯಲು ಹಿಂದೇಟು. ಇ-ಖಾತೆ ಆಗಿರುವ ಸೈಟು, ಮನೆ, ಇಲ್ಲವೇ ಎಫ್‌ಡಿ, ಎಲ್‌ಐಸಿ ಬಾಂಡ್ ಇದ್ದರೆ ಕೆಲಸ ಸಲೀಸು. ಮನೆ ಇದ್ದೂ ಇ-ಖಾತೆ ಆಗಿಲ್ಲದಿದ್ದರೆ ಅದನ್ನು ಮಾಡಿಸುವುದೇ ಈ ವರ್ಷದ ಮೊದಲ ಕೆಲಸ. ಋಣಭಾರ ಪತ್ರವನ್ನೂ ತೆಗೆಸಿಡಿ.

ಕೃಷಿ ಆದಾಯಕ್ಕೆ ತೆರಿಗೆ ಇಲ್ಲ, ಹಾಗಾಗಿ ಅಪ್ಪ ರಿಟರ್ನ್ಸ್ ಹಾಕಿರುವುದಿಲ್ಲ. ಬ್ಯಾಂಕಿಗೆ ಆದಾಯದ ಕಾಗದ ಬೇಕು. ಸಂಬಳದ ಕೆಲಸದಲ್ಲಿರುವ ಅಣ್ಣ ಅಥವಾ ಅಕ್ಕ ಸಹ-ಅರ್ಜಿದಾರರಾಗಬಹುದಾ ಕೇಳಿ. ಕೊಬ್ಬರಿ ಮಾರಿದ ಎಪಿಎಂಸಿ ಬಿಲ್ಲುಗಳನ್ನು ಎಸೆಯಬೇಡಿ, ವರಮಾನ ತೋರಿಸಲು ಅವೂ ಆಸರೆ. ತಾತ್ವಿಕ ಮಂಜೂರಾತಿ ಪತ್ರ ಮೊದಲೇ ಪಡೆಯಿರಿ, ಪ್ರವೇಶ ಪತ್ರ ಬಂದ ಮೇಲೆ ಹಣ ಬಿಡುಗಡೆ. ಇನ್ನೊಂದು ಉಪಯೋಗದ ಸಂಗತಿ: ಬ್ಯಾಂಕಿನ ಶಿಕ್ಷಣ ಸಾಲದಿಂದಲೇ ಹೊರದೇಶಕ್ಕೆ ಕಳಿಸುವ ಹಣಕ್ಕೆ 2025ರ ಏಪ್ರಿಲ್‌ನಿಂದ ಟಿಸಿಎಸ್, ಅಂದರೆ ಹಣ ಕಳಿಸುವಾಗಲೇ ಬ್ಯಾಂಕ್ ವಸೂಲು ಮಾಡುವ ತೆರಿಗೆ, ಇಲ್ಲ.

ಪರಿಶಿಷ್ಟ ಜಾತಿ, ಪಂಗಡದವರು ಸಮಾಜ ಕಲ್ಯಾಣ ಇಲಾಖೆಯ ‘ಪ್ರಬುದ್ಧ’ ಯೋಜನೆಯ ಆ ವರ್ಷದ ಅಧಿಸೂಚನೆ ನೋಡಿ, ಪದವಿ ಕೋರ್ಸ್ ಅದರಲ್ಲಿ ಸೇರಿದೆಯಾ ಖಚಿತ ಮಾಡಿಕೊಳ್ಳಿ. ಇಟಲಿಯಲ್ಲಿ ಮನೆಯ ಆದಾಯ ನೋಡಿ ಫೀಸು ಇಳಿಸುತ್ತಾರೆ, ವಿದ್ಯಾರ್ಥಿವೇತನವನ್ನೂ ಕೊಡುತ್ತಾರೆ. ತುಮಕೂರಿನ ಸಣ್ಣ ಹಿಡುವಳಿಯ ಮನೆಗಳಿಗೆ ಜರ್ಮನಿಗಿಂತ ಇಟಲಿಯೇ ಹಗುರ ಅನ್ನುವುದು ನನ್ನ ಅಂದಾಜು. ಆದರೆ ಆದಾಯದ ಕಾಗದಗಳನ್ನು ಅನುವಾದ ಮಾಡಿಸಿ ದೃಢೀಕರಿಸುವ ಓಡಾಟ ಇದೆ.

ಎಚ್ಚರಿಕೆ: ಬ್ಲಾಕ್ಡ್ ಅಕೌಂಟಿಗೆ ನಾವೇ ಹಣ ತೋರಿಸುತ್ತೇವೆ, ಬಡ್ಡಿ ಕೊಡಿ ಸಾಕು ಅನ್ನುವವರಿದ್ದಾರೆ. ವೀಸಾ ಬಂದರೂ ಅಲ್ಲಿ ತಿಂಗಳ ಖರ್ಚಿಗೆ ಏನು ಮಾಡುತ್ತೀರಿ?

## ಹಂತ 5: ಭಾಷೆ

ಕನ್ನಡ ಮಾಧ್ಯಮದಲ್ಲಿ ಹತ್ತನೇವರೆಗೆ ಓದಿದವರು ಹೆದರಬೇಕಿಲ್ಲ, ಆದರೆ ಆರು ತಿಂಗಳು ಮೊದಲೇ ಶುರು ಮಾಡಿ. ಐಇಎಲ್‌ಟಿಎಸ್‌ಗೆ ಸುಮಾರು 18,000 ರೂಪಾಯಿ, ಪರೀಕ್ಷೆಗೆ ಬೆಂಗಳೂರಿಗೆ ಹೋಗಬೇಕಾಗುತ್ತದೆ. ಫಲಿತಾಂಶ ಎರಡು ವರ್ಷ ನಡೆಯುತ್ತದೆ. ಹಾಗಾಗಿ ಒಂದು ವರ್ಷದ ದಾರಿಯವರು ಪಿಯು ರಜೆಯಲ್ಲೇ ಬರೆದು ಮುಗಿಸುವ ಆತುರ ಬೇಡ. ನಮ್ಮವರಿಗೆ ಅಂಕ ಕಡಿಮೆ ಬರುವುದು ಬರವಣಿಗೆಯಲ್ಲಿ. ದಿನಕ್ಕೊಂದು ಪುಟ ಬರೆದು ಇಂಗ್ಲಿಷ್ ಮೇಷ್ಟ್ರಿಗೆ ತೋರಿಸಿ.

ಕೋರ್ಸ್ ಇಂಗ್ಲಿಷಿನಲ್ಲಿದ್ದರೂ ಜರ್ಮನ್ ಎ2 ಮಟ್ಟ, ಅಂದರೆ ದಿನಬಳಕೆಯಷ್ಟು, ಕಲಿತೇ ಹೋಗಿ. ಬಾಡಿಗೆ ಕರಾರು, ನಗರಸಭೆಯ ಪತ್ರ, ಪಾರ್ಟ್‌ಟೈಮ್ ಕೆಲಸ, ಎಲ್ಲ ಜರ್ಮನ್‌ನಲ್ಲೇ. ಬೆಂಗಳೂರಿನ ಗೋಯೆಥೆ ಸಂಸ್ಥೆ, ಅಂದರೆ ಮ್ಯಾಕ್ಸ್ ಮುಲ್ಲರ್ ಭವನ, ಪರೀಕ್ಷೆ ನಡೆಸುತ್ತದೆ.

## ಹಂತ 6: ಎಪಿಎಸ್ ಪ್ರಮಾಣಪತ್ರ

ಜರ್ಮನಿಗೆ ಹೋಗುವ ಭಾರತೀಯ ವಿದ್ಯಾರ್ಥಿಗಳಿಗೆ 2022ರ ನವೆಂಬರ್‌ನಿಂದ ಇದು ಕಡ್ಡಾಯ. ನಿಮ್ಮ ಅಂಕಪಟ್ಟಿ ಅಸಲಿಯೇ ಅಂತ ದೆಹಲಿಯ ಎಪಿಎಸ್ ಕಚೇರಿ ಪರಿಶೀಲಿಸುತ್ತದೆ. ಶುಲ್ಕ 18,000 ರೂಪಾಯಿ. ಆನ್‌ಲೈನಿನಲ್ಲಿ ನೋಂದಣಿ, ಹಣ ಪಾವತಿ, ಸಹಿ ಮಾಡಿದ ಅರ್ಜಿ ಮತ್ತು ದಾಖಲೆಗಳ ರವಾನೆ, ಇದು ಸರದಿ. ಪ್ರಮಾಣಪತ್ರಕ್ಕೆ ಅವಧಿ ಮುಗಿಯುವ ದಿನ ಇಲ್ಲ.

ಒಂದು ವರ್ಷದ ದಾರಿಯವರು ಎರಡೂ ಸೆಮಿಸ್ಟರ್ ಅಂಕಪಟ್ಟಿ ಕೈಗೆ ಬಂದ ಮೇಲೆಯೇ ಕಳಿಸಿ. ಗಡುವಿನ ತಿಂಗಳಲ್ಲಿ ಕಳಿಸಿ ‘ಇನ್ನೂ ಬಂದಿಲ್ಲ’ ಅಂತ ಪರದಾಡಬೇಡಿ, ರಶ್ ಇರುವಾಗ ವಾರಗಟ್ಟಲೆ ತಡವಾಗುತ್ತದೆ.

ಅಪೋಸ್ಟಿಲ್, ಅಂದರೆ ಕಾಗದ ಹೊರದೇಶದಲ್ಲಿ ನಡೆಯಲು ಸರ್ಕಾರ ಹಾಕುವ ದೃಢೀಕರಣದ ಮುದ್ರೆ, ಮಾಡಿಸಿ ಅಂತ ಸಾವಿರಾರು ರೂಪಾಯಿ ಕೇಳುವವರಿಗೆ ಇಲ್ಲಿ ಜಾಗ ಕೊಡಬೇಡಿ. ಭಾರತ 2005ರಲ್ಲಿ ಅಪೋಸ್ಟಿಲ್ ಒಪ್ಪಂದ ಸೇರಿದಾಗ ಜರ್ಮನಿ ಆಕ್ಷೇಪ ಎತ್ತಿತ್ತು, ಹಾಗಾಗಿ ಎರಡು ದೇಶಗಳ ನಡುವೆ ಆ ಒಪ್ಪಂದ ನಡೆಯುವುದಿಲ್ಲ. ಜರ್ಮನಿಯ ಅರ್ಜಿಯಲ್ಲಿ ಯಾರಾದರೂ ಬರಹದಲ್ಲಿ ಕೇಳಿದರೆ ಮಾತ್ರ ಆ ಯೋಚನೆ. ಇಟಲಿಗೆ ಹೋಗುವವರಿಗೆ ಅದು ಬೇಕಾಗುತ್ತದೆ.

## ಹಂತ 7: ಅರ್ಜಿ

ಜರ್ಮನಿಯ ಬಹಳ ವಿಶ್ವವಿದ್ಯಾಲಯಗಳು ವಿದೇಶಿ ಅಂಕಪಟ್ಟಿಯನ್ನು ಯೂನಿ-ಅಸಿಸ್ಟ್ ಎಂಬ ಸಂಸ್ಥೆಯಿಂದ ಪರಿಶೀಲಿಸುತ್ತವೆ. ಒಂದು ಸೆಮಿಸ್ಟರ್‌ನ ಮೊದಲ ಅರ್ಜಿಗೆ 75 ಯೂರೋ, ಆಮೇಲಿನ ಪ್ರತಿ ಅರ್ಜಿಗೆ 30. ಟಿಯುಎಂಗೆ ಯೂನಿ-ಅಸಿಸ್ಟ್‌ನಿಂದ ವಿಪಿಡಿ ಎಂಬ ಅಂಕ ಪರಿಶೀಲನೆಯ ಪತ್ರ ತರಿಸಿಕೊಂಡು, ಅದನ್ನು ಟಿಯುಎಂ ಪೋರ್ಟಲ್‌ಗೆ ನೀವೇ ಏರಿಸಬೇಕು. ಯೂನಿ-ಅಸಿಸ್ಟ್‌ಗೆ ಕಳಿಸಿದರೆ ಅರ್ಜಿ ಆಯಿತು ಅಂದುಕೊಂಡು ಸುಮ್ನೆ ಕೂತವರು ಬಹಳ. ಅದು ಬರೀ ಪರಿಶೀಲನೆ. ನಾಲ್ಕರಿಂದ ಆರು ವಾರ ಹಿಡಿಯುತ್ತದೆ, ಲೆಕ್ಕ ಹಾಕಿಕೊಂಡು ಮುಂಚೆಯೇ ಕಳಿಸಿ.

ಈ ಕೋರ್ಸ್ ಯಾಕೆ ಬೇಕು ಅಂತ ಹೇಳುವ ಉದ್ದೇಶ ಪತ್ರ ನೀವೇ ಬರೆಯಿರಿ. ‘ಚಿಕ್ಕಂದಿನಿಂದ ಕಂಪ್ಯೂಟರ್ ಎಂದರೆ ಪ್ರಾಣ’ ಎಂಬ ಸಾಲು ಎಲ್ಲರದ್ದರಲ್ಲೂ ಇರುತ್ತದೆ. ಅದರ ಬದಲು ತೋಟದ ಪಂಪ್‌ಸೆಟ್ಟಿಗೆ ಮೊಬೈಲ್ ಸ್ಟಾರ್ಟರ್ ಕೂರಿಸಿದಾಗ ಸಿಗ್ನಲ್ ಯಾಕೆ ತಪ್ಪುತ್ತಿತ್ತು, ನೀವು ಏನು ನೋಡಿದಿರಿ, ಏನು ಅರ್ಥ ಆಗಲಿಲ್ಲ ಅಂತ ಬರೆಯಿರಿ. ಆ ಅರ್ಥವಾಗದ್ದೇ ಕೋರ್ಸಿನ ಪಠ್ಯದಲ್ಲಿರುತ್ತದೆ.

ಇಟಲಿಗೆ ವಿಶ್ವವಿದ್ಯಾಲಯದ ಅರ್ಜಿ ಒಂದು, ‘ಯೂನಿವರ್‌ಸಿಟಾಲಿ’ ಪೋರ್ಟಲ್‌ನ ಪೂರ್ವನೋಂದಣಿ ಇನ್ನೊಂದು. ಎರಡನೆಯದು ಇಲ್ಲದೆ ವೀಸಾ ಇಲ್ಲ.

## ಹಂತ 8: ವೀಸಾ

ಪ್ರವೇಶ ಪತ್ರ ಬಂದ ದಿನವೇ ಎರಡು ಕೆಲಸ. ಒಂದು, ವೀಸಾ ಅರ್ಜಿ. ಇನ್ನೊಂದು, ವಿದ್ಯಾರ್ಥಿ ವಸತಿಗೆ ಅರ್ಜಿ. ಜರ್ಮನ್ ವೀಸಾ ಶುಲ್ಕ 75 ಯೂರೋ, ಬೆರಳಚ್ಚಿಗೆ ಬೆಂಗಳೂರಿಗೆ ಹೋಗಬೇಕು. ಹಿಂದೆ ವೀಸಾ ತಿರಸ್ಕಾರವಾದರೆ ಪುಕ್ಕಟೆಯಾಗಿ ಮರುಪರಿಶೀಲನೆ ಕೇಳಬಹುದಿತ್ತು. 2025ರ ಜುಲೈ 1ರಿಂದ ಜರ್ಮನಿ ಅದನ್ನು ತೆಗೆದುಹಾಕಿದೆ. ಈಗ ಹೊಸ ಅರ್ಜಿ ಹಾಕಬೇಕು, ಇಲ್ಲವೇ ಅಲ್ಲಿನ ಕೋರ್ಟಿಗೆ ಹೋಗಬೇಕು. ಹಾಗಾಗಿ ಕಾಗದ ಪೂರ್ತಿ ಆಗದೆ ಕಳಿಸಬೇಡಿ.

ವೀಸಾ ಪಾಸ್‌ಪೋರ್ಟಿಗೆ ಅಂಟುವವರೆಗೆ ಇಲ್ಲಿನ ಸೀಟು ಬಿಡಬೇಡಿ, ಟಿಸಿ ಕೇಳಬೇಡಿ. ನಡುವೆ ಬಿಟ್ಟರೆ ಉಳಿದ ವರ್ಷಗಳ ಫೀಸಿನ ಷರತ್ತು ಏನು ಅನ್ನುವುದನ್ನು ಕಾಲೇಜು ಸೇರುವಾಗಲೇ ಓದಿಕೊಂಡಿರಿ. ಕೋಣೆಯ ಫೋಟೋ ಕಳಿಸಿ ‘ಬೀಗದ ಕೈ ಅಂಚೆಯಲ್ಲಿ ಬರುತ್ತದೆ, ಅಡ್ವಾನ್ಸ್ ಹಾಕಿ’ ಅನ್ನುವ ಮನೆ ಮಾಲೀಕ ಮೋಸಗಾರನೇ.

## ಹಂತ 9: ಮೊದಲ ವರ್ಷ ದಾಟುವುದು

ಅಲ್ಲಿ ಇಂಟರ್ನಲ್ ಅಂಕದ ಆಸರೆ ಕಡಿಮೆ. ಬಹಳ ವಿಷಯಗಳಲ್ಲಿ ಕೊನೆಯ ಪರೀಕ್ಷೆಯೇ ಎಲ್ಲ. ಸೆಮಿಸ್ಟರ್‌ಗೆ 30 ಕ್ರೆಡಿಟ್, ಒಂದು ಕ್ರೆಡಿಟ್ ಅಂದರೆ 25ರಿಂದ 30 ಗಂಟೆ ಓದು. ತರಗತಿಯಲ್ಲಿ ಕೂರುವುದು ಅದರಲ್ಲಿ ಸ್ವಲ್ಪವೇ. ಉಳಿದದ್ದು ವಾರವಾರದ ಲೆಕ್ಕದ ಹಾಳೆಗಳು. ಹಾಳೆ ಬಿಡಿಸದೆ ಪರೀಕ್ಷೆ ಹಿಂದಿನ ವಾರ ಹಳೇ ಪ್ರಶ್ನೆಪತ್ರಿಕೆ ಉರು ಹೊಡೆಯುವುದು ನಡೆಯುವುದಿಲ್ಲ. ಹೊರಡುವ ಮುಂಚೆ ಮ್ಯಾಟ್ರಿಕ್ಸ್, ಸಂಕೀರ್ಣ ಸಂಖ್ಯೆ, ಇಂಟಿಗ್ರೇಷನ್ ಗಟ್ಟಿ ಮಾಡಿಕೊಳ್ಳಿ. ಸಿ ಭಾಷೆಯಲ್ಲಿ ಪಾಯಿಂಟರ್‌ವರೆಗೆ ಕೈಯಾರೆ ಪ್ರೋಗ್ರಾಂ ಬರೆದು ರೂಢಿ ಮಾಡಿ.

ಇವು ಕಂಡರೆ ಹುಷಾರಾಗಿ: ಎರಡು ವಾರದ ಹಾಳೆಗಳು ಸತತವಾಗಿ ಖಾಲಿ ಉಳಿದಿವೆ. ಊರಿನವರ ಜೊತೆ ಮಾತ್ರ ಕೂತು ಓದುತ್ತಿದ್ದೀರಿ. ಪಾರ್ಟ್‌ಟೈಮ್ ಕೆಲಸದಿಂದ ಬೆಳಗಿನ ತರಗತಿ ತಪ್ಪುತ್ತಿದೆ. 2024ರ ಮಾರ್ಚ್‌ನಿಂದ ವರ್ಷಕ್ಕೆ 140 ಪೂರ್ಣ ದಿನ ಕೆಲಸ ಮಾಡಲು ಅನುಮತಿ ಇದೆ, ನಿಜ. ಮೊದಲ ಸೆಮಿಸ್ಟರ್‌ನಲ್ಲಿ ಅದನ್ನು ಮುಟ್ಟಬೇಡಿ.

ಹಲವು ವಿಶ್ವವಿದ್ಯಾಲಯಗಳಲ್ಲಿ ಒಂದು ಕಡ್ಡಾಯ ವಿಷಯಕ್ಕೆ ಮೂರೇ ಅವಕಾಶ. ಮೂರನೇ ಸಲವೂ ಫೇಲಾದರೆ ಕೋರ್ಸಿನಿಂದ ಹೊರಗೆ. ಅದೇ ಕೋರ್ಸನ್ನು ಜರ್ಮನಿಯ ಬೇರೆ ಕಡೆ ಸೇರುವುದೂ ಸಾಮಾನ್ಯವಾಗಿ ಆಗುವುದಿಲ್ಲ. ಟಿಯುಎಂನಂಥ ಕಡೆ ಇಷ್ಟು ಸೆಮಿಸ್ಟರ್‌ಗೆ ಇಷ್ಟು ಕ್ರೆಡಿಟ್ ಆಗಿರಲೇಬೇಕು ಎಂಬ ನಿಯಮ ಇದೆ. ನಿಮ್ಮ ಕೋರ್ಸಿನ ಪರೀಕ್ಷಾ ನಿಯಮಾವಳಿಯನ್ನು ಮೊದಲ ವಾರವೇ ಓದಿ.

ಇಲ್ಲಿ ಪರೀಕ್ಷೆ ಫಾರಂ ತುಂಬಿ ಅಂತ ಕಾಲೇಜಿನವರೇ ಬೆನ್ನು ಹತ್ತುತ್ತಾರೆ. ಅಲ್ಲಿ ಯಾರೂ ನೆನಪಿಸುವುದಿಲ್ಲ. ಪ್ರತಿ ಪರೀಕ್ಷೆಗೂ ಪೋರ್ಟಲ್‌ನಲ್ಲಿ ದಿನಾಂಕದೊಳಗೆ ನೀವೇ ಹೆಸರು ನೋಂದಾಯಿಸಬೇಕು. ಪ್ರತಿ ಸೆಮಿಸ್ಟರ್ ಶುಲ್ಕವನ್ನೂ ಗಡುವಿನೊಳಗೆ ಕಟ್ಟಿ ಮರುನೋಂದಣಿ ಮಾಡಬೇಕು. ಅದು ತಪ್ಪಿದರೆ ದಾಖಲಾತಿ ರದ್ದಾಗುತ್ತದೆ. ದಾಖಲಾತಿ ಹೋದರೆ ವಾಸದ ಪರವಾನಗಿಗೂ ಕುತ್ತು. ಈ ಎರಡು ದಿನಾಂಕಗಳನ್ನು ಮೊಬೈಲಿನಲ್ಲಿ ಅಲಾರಂ ಇಟ್ಟುಕೊಳ್ಳಿ, ಊರಲ್ಲಿರುವ ಅಕ್ಕನಿಗೋ ತಮ್ಮನಿಗೋ ಒಂದು ಪ್ರತಿ ಕಳಿಸಿ ಫೋನ್ ಮಾಡಿ ನೆನಪಿಸಲು ಹೇಳಿ.